ಚುಟುಕು ಕೊಲೆ, ಉದ್ದ ವರದಿ

ಪೇರ್ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಬೆನ್ನ ಹಿಂದಿನಿಂದ "ಈ ವಾರದ ಕೊಲೆ ಗೊತ್ತಾಯ್ತೇನ್ರೀ?" ಎಂಬ ದನಿ ಕೇಳಿದರೆ ಬೆಚ್ಚಬೇಕಿಲ್ಲ. ಅದು ರಾಯರು. ಹ್ಯೂಸ್ಟನ್ನಿನ ತೈಲ ಕಂಪನಿಯಲ್ಲಿ ಪೈಪ್‌ಲೈನ್ ಲೆಕ್ಕ ಹಾಕಿ ನಿವೃತ್ತರಾದ ಇಂಥ ರಾಯರು 288ನೇ ಹೆದ್ದಾರಿಯ ಆಚೀಚೆ ಬಡಾವಣೆಗೊಬ್ಬರಾದರೂ ಸಿಗುತ್ತಾರೆ.

ಚಿಕ್ಕಂದಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು, ಗಣಿತದ ಪುಸ್ತಕದೊಳಗಿಟ್ಟು ಓದಿದವರು. ನಾಲ್ಕನೇ ಕ್ಲಾಸು ಓದಿದ ಮನುಷ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರೆಂದು ಎಂ.ಎಸ್. ಓದುವ ಹುಡುಗರಿಗೆಲ್ಲ ಹೇಳುತ್ತಾರೆ. ಹುಡುಗರು ಫೋನ್ ನೋಡುತ್ತಾರೆ.

ಈಗ ಅವರ ದಾರಿ ಬಿಸೊನೆಟ್ ರಸ್ತೆಗೆ. ಅಲ್ಲಿ 1980ರಿಂದ ಅಪರಾಧ ಸಾಹಿತ್ಯವನ್ನೇ ಮಾರುವ 'ಮರ್ಡರ್ ಬೈ ದ ಬುಕ್' ಅಂಗಡಿಯಿದೆ. ರಾಯರು ಮುಖಪುಟ ನೋಡುವುದಿಲ್ಲ. ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ಅಳೆಯುತ್ತಾರೆ. ಒಂದಿಂಚು ದಾಟಿತೋ, ವಾಪಸ್ ಕಪಾಟಿಗೆ.

"ಮಾತು ಕಡಿಮೆ ಇರಬೇಕು ಸ್ವಾಮಿ," ಎನ್ನುತ್ತಾರೆ. ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದ ಡ್ಯಾಶಿಯಲ್ ಹ್ಯಾಮೆಟ್ 1929ರ 'ರೆಡ್ ಹಾರ್ವೆಸ್ಟ್'ನಲ್ಲಿ ನಾಯಕನಿಗೆ ಹೆಸರನ್ನೇ ಕೊಡಲಿಲ್ಲ. "ಹೆಸರಿಗೂ ಒಂದು ಪದ ಖರ್ಚು ಮಾಡಿಲ್ಲ, ನೋಡಿ!" ಇನ್ನು ಜಿಮ್ ಥಾಮ್ಸನ್ ಎಂದರೆ ಊರ ಅಭಿಮಾನ. ಫೋರ್ಟ್ ವರ್ತಿನ ಹೋಟೆಲಿನಲ್ಲಿ ಬೆಲ್‌ಬಾಯ್ ಆಗಿದ್ದ ಆತನ 1952ರ 'ದ ಕಿಲ್ಲರ್ ಇನ್‌ಸೈಡ್ ಮಿ'ಯಲ್ಲಿ ಟೆಕ್ಸಸ್ಸಿನ ಸಣ್ಣ ಊರಿನ ಪೊಲೀಸನೇ ಕೊಲೆಗಾರ, ಕಥೆ ಹೇಳುವವನೂ ಅವನೇ. ಹಿಡಿಯಬೇಕಾದವನೇ ಕೊಂದರೆ ಓದುಗ ಯಾರನ್ನು ನಂಬಬೇಕು? ಆ ದಿಗಿಲೇ ರಾಯರಿಗೆ ರುಚಿ. ಎರಡು ಸಂಜೆಯಲ್ಲಿ ಮುಗಿಯುವ ಈ ಪುಸ್ತಕದ ಕಥೆಯನ್ನು ಅವರು ಹೇಳಿ ಮುಗಿಸಲು ಮೂರು ಸಂಜೆ ಬೇಕು.

'ದ ಬಿಗ್ ಸ್ಲೀಪ್'ನಲ್ಲಿ ಡ್ರೈವರನನ್ನು ಕೊಂದವರ್ಯಾರೆಂದು ಸಿನಿಮಾದವರು ಕೇಳಿದಾಗ, ಬರೆದ ರೇಮಂಡ್ ಚಾಂಡ್ಲರನಿಗೇ ಗೊತ್ತಿರಲಿಲ್ಲವಂತೆ. ರಾಯರಿಗೆ ಗೊತ್ತು. ಅವರ ಬಳಿ ಅದಕ್ಕೆ ಮೂರು ಉತ್ತರಗಳಿವೆ.

ಒಮ್ಮೆ ರಾಜ್ಯೋತ್ಸವದಲ್ಲಿ 'ಹ್ಯಾಮೆಟ್ಟನ ಮಿತಭಾಷೆ' ಕುರಿತು ಮಾತಾಡಲು ಅವರಿಗೆ ಐದು ನಿಮಿಷ ಕೊಟ್ಟರು. ಅರ್ಧ ಗಂಟೆ ಕಳೆದರೂ ಹ್ಯಾಮೆಟ್ ಇನ್ನೂ ಪೆನ್ನು ಹಿಡಿದಿರಲಿಲ್ಲ. ಕೊನೆಗೆ ಯಾರೋ ವೇದಿಕೆಗೆ ಚೀಟಿ ಕಳಿಸಿದರು: "ಊಟ ತಣ್ಣಗಾಗ್ತಿದೆ." ರಾಯರು ಅದನ್ನು ಮೈಕಿನಲ್ಲೇ ಓದಿ ಹಿಗ್ಗಿದರು: "ನೋಡಿದ್ರಾ? ಎರಡೇ ಪದ! ಹ್ಯಾಮೆಟ್ ಬರೀತಿದ್ದದ್ದೂ ಹೀಗೇ." ಆ ಎರಡು ಪದಗಳ ವಿಶ್ಲೇಷಣೆಗೆ ಇನ್ನೂ ಕಾಲು ಗಂಟೆ ಹಿಡಿಯಿತು.