ನಾಲ್ಕು ಬಿಟ್ಟರು, ಎಂಟು ಬಿಟ್ಟರು, ನಾನು ಬಿಡಲಿಲ್ಲ

ಸಂಸಾರಸ್ಥನಿಗೆ ಒಂದಾದರೂ ಚಟ ಇರಬೇಕು. ಇಲ್ಲದಿದ್ದರೆ ಹೆಂಡತಿಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ವಿಷಯವೇ ಇರುವುದಿಲ್ಲ. ನನ್ನ ಚಟಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ. ಜಪಾನಿನ ಕ್ಯಾನನ್ ಕಂಪನಿಯ ‘ಪವರ್‌ಶಾಟ್ ಜಿ’ ಎಂಬ ಕ್ಯಾಮೆರಾ ವಂಶದ ಮೇಲೆ ಕಣ್ಣಿಟ್ಟಿರುವುದು, ಅಷ್ಟೇ. ಕೊಳ್ಳುವುದು ಅನ್ನಲಿಲ್ಲ, ಗಮನಿಸಿ. ಕೊಳ್ಳುವ ಖಾತೆ ನಮ್ಮ ಮನೆಯಲ್ಲಿ ಬೇರೆಯವರ ಕೈಯಲ್ಲಿದೆ.

ಈ ವಂಶದ ಮೂಲಪುರುಷ ಜಿ1 ಹುಟ್ಟಿದ್ದು 2000ದಲ್ಲಿ. 3.3 ಮೆಗಾಪಿಕ್ಸೆಲ್. ಇವತ್ತು ಸೊಪ್ಪು ಮಾರುವವರ ಫೋನಿನ ಸೆಲ್ಫಿ ಕ್ಯಾಮೆರಾ ಕೂಡ ಅದನ್ನು ನೋಡಿ ನಗುತ್ತದೆ. ಆದರೆ ಆವತ್ತಿಗೆ ಅದರಲ್ಲಿ ಏನಿರಲಿಲ್ಲ? ಎಫ್2ರ ವರೆಗೆ ಬಾಯಿ ತೆರೆಯುವ ಲೆನ್ಸು, ತಲೆಯ ಮೇಲೆ ದೊಡ್ಡ ಫ್ಲ್ಯಾಶ್ ಕೂರಿಸಲು ಹಾಟ್ ಶೂ, ಪಕ್ಕಕ್ಕೆ ತೆರೆದು ಬೇಕಾದ ಕಡೆ ತಿರುಗುವ ಪರದೆ, ಜೊತೆಗೆ ರಾ ಫೈಲು. ಎಸ್‌ಎಲ್‌ಆರ್ ಕೊಳ್ಳುವ ತಾಕತ್ತಿಲ್ಲ, ಆದರೆ ಎಸ್‌ಎಲ್‌ಆರ್ ಇರುವವರಷ್ಟೇ ಮಾತಾಡಬೇಕು ಅನ್ನುವ ನನ್ನಂಥವರಿಗೆಂದೇ ಮಾಡಿದ ಯಂತ್ರ. ನನ್ನ ಹತ್ತಿರ ಆಗ ಇದ್ದದ್ದು ರೀಲು ಹಾಕುವ ಕ್ಯಾಮೆರಾ. ಮೂವತ್ತಾರರ ರೀಲಿನಲ್ಲಿ ಮೂವತ್ತೆಂಟು ಫೋಟೊ ಎಳೆಯುವುದೇ ಆ ಕಾಲದ ಪೌರುಷ.

2001ರಲ್ಲಿ ಜಿ2 ಬಂತು, 2002ರಲ್ಲಿ ಜಿ3. ನಾನು ಜಿ4ಕ್ಕೆ ಕಾದೆ. 2003ರಲ್ಲಿ ಬಂದದ್ದು ಜಿ5! ಜಪಾನಿನಲ್ಲಿ ನಾಲ್ಕು ಅಪಶಕುನದ ಅಂಕಿ, ಅದಕ್ಕೇ ಬಿಟ್ಟರು ಎಂದು ಬಲ್ಲವರು ಹೇಳುತ್ತಿದ್ದರು. ಊಟದ ಹೊತ್ತಿನಲ್ಲಿ ಇದನ್ನು ಹೇಳಿದೆ. ಅದುವರೆಗೆ ನನ್ನ ಕ್ಯಾಮೆರಾ ಮಾತಿಗೆ ಕಿವಿಯನ್ನೇ ಕೊಡದಿದ್ದ ಅತ್ತೆ ತಟ್ಟೆಯಿಂದ ತಲೆಯೆತ್ತಿ, “ಪರವಾಗಿಲ್ಲ, ಆಚಾರವಂತರು” ಅಂದರು. ಮುಂದೆ ಜಿ7 ಆದಮೇಲೆ ನೇರ ಜಿ9 ಬಂದಾಗ ಅವರಿಗೆ ವಿವರಣೆಯೇ ಬೇಕಾಗಲಿಲ್ಲ. “ಅಷ್ಟಮ ಶನಿ. ಯಾರು ತಾನೇ ಮೈಮೇಲೆ ಎಳೆದುಕೊಳ್ಳುತ್ತಾರೆ?” ಜಪಾನಿನಲ್ಲಿ ಎಂಟು ಶುಭದ ಅಂಕಿ ಎಂದು ಹೇಳಹೊರಟವನು ಹೆಂಡತಿಯ ಮುಖ ನೋಡಿ ಸಾರು ಬಡಿಸಿಕೊಂಡೆ. ಆಮೇಲೆ 12 ಆದದ್ದೇ 15ಕ್ಕೆ ಹಾರಿ, ಹದಿಮೂರನ್ನೂ ಹದಿನಾಲ್ಕನ್ನೂ ಒಟ್ಟಿಗೆ ಬಿಟ್ಟರು. ಆ ಹೊತ್ತಿಗೆ ಅತ್ತೆಯ ದೃಷ್ಟಿಯಲ್ಲಿ ಕ್ಯಾನನ್ ಕಂಪನಿ ನನಗಿಂತ ಎಷ್ಟೋ ಪಾಲು ಸಂಸ್ಕಾರವಂತವಾಗಿತ್ತು.

ಜಿ6 ಬಂದದ್ದು 2004ರಲ್ಲಿ. ಆಮೇಲೆ ಎರಡು ವರ್ಷ ಸದ್ದಿಲ್ಲ. 2006ರಲ್ಲಿ ಜಿ7 ಬಂದಾಗ ನೋಡಿದರೆ ಮೈಕಟ್ಟು ತೆಳ್ಳಗಾಗಿದೆ, ಆರು ಪಟ್ಟು ಜೂಮ್ ಬಂದಿದೆ, ಆದರೆ ತಿರುಗುವ ಪರದೆ ಮಾಯ, ರಾ ಫೈಲ್ ಮಾಯ. ಲೆನ್ಸಿನ ಬಾಯಿಯೂ ಎಫ್2ರಿಂದ ಎಫ್2.8ಕ್ಕೆ ಕಿರಿದಾಗಿದೆ. ರಾ ಅಂದರೆ ಸೆನ್ಸಾರ್ ಕಂಡದ್ದನ್ನು ಕ್ಯಾಮೆರಾ ತನ್ನ ಬುದ್ಧಿ ಓಡಿಸದೆ ಹಾಗೇ ಇಟ್ಟುಕೊಡುವ ಕಡತ; ಬಣ್ಣ, ಬೆಳಕನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂತು ತಿದ್ದಬಹುದು. ಪ್ರಪಂಚದ ಹವ್ಯಾಸಿಗಳೆಲ್ಲ ಎದೆ ಬಡಿದುಕೊಂಡರು. ಕೆಲವರು ಸುಮ್ಮನಿರದೆ ಸಿಎಚ್‌ಡಿಕೆ ಎಂಬ ತಂತ್ರಾಂಶವನ್ನೇ ಬರೆದು, ಅದನ್ನು ಮೆಮೊರಿ ಕಾರ್ಡಿಗೆ ಹಾಕಿ, ಮುಚ್ಚಿದ ಬಾಗಿಲನ್ನು ಹಿತ್ತಲಿನಿಂದ ತೆರೆದರು. ಕ್ಯಾಮೆರಾ ಇಲ್ಲದ ನಾನೂ ಅವರೊಂದಿಗೆ ಮನಸಾರೆ ಎದೆ ಬಡಿದುಕೊಂಡೆ. 2007ರ ಜಿ9ರಲ್ಲಿ ರಾ ವಾಪಸ್ ಬಂತು. ಆ ಸಂಭ್ರಮವನ್ನು ಅಡುಗೆಮನೆಯ ತನಕ ಹೊತ್ತೊಯ್ದೆ.

“ಕಿತ್ತುಕೊಂಡಿದ್ದನ್ನ ವಾಪಸ್ ಕೊಟ್ಟರೆ ಅದು ಹೊಸ ಮಾಡೆಲ್ಲಾ?” ಅಂದಳು ಈಕೆ.

“ಹಾಗಲ್ಲ ಕಣೇ, ಪಿಕ್ಸೆಲ್ ಕೂಡ ಹನ್ನೆರಡಾಗಿದೆ.”

“ಹೋದ ತಿಂಗಳು ನಿಮ್ಮ ಜೇಬಿಂದ ಐನೂರು ತಗೊಂಡಿದ್ದೆ. ತಗೊಳ್ಳಿ. ನಾನೂ ಇವತ್ತಿಂದ ಹೊಸ ಮಾಡೆಲ್.”

ಇಷ್ಟಾದರೂ 2008ರ ಕೊನೆಯಲ್ಲಿ ನನಗೆ ಜಿ10 ದಕ್ಕಿತು. ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು. “ಇವಳ ಬಾಲ್ಯ ಮತ್ತೆ ಬರುತ್ತಾ?” ಎಂಬ ಬ್ರಹ್ಮಾಸ್ತ್ರ ಬಿಟ್ಟೆ. ಈ ಅಸ್ತ್ರಕ್ಕೆ ಪ್ರತಿಯಸ್ತ್ರವನ್ನು ಯಾವ ಹೆಂಡತಿಯೂ ಕಂಡುಹಿಡಿದಿಲ್ಲ. ಕ್ಯಾಲಿಫೋರ್ನಿಯಾದ ಭಾವ ರಜಕ್ಕೆ ಬರುವವನಿದ್ದ. ಬೆಲೆ ಐನೂರು ಡಾಲರು, ಡಾಲರು ಐವತ್ತು ರೂಪಾಯಿಯ ಆಜುಬಾಜು. ಚಾಕಲೇಟು, ಬಾದಾಮಿ, ಅತ್ತೆಯ ಮೊಣಕಾಲಿನ ಮುಲಾಮಿನ ನಡುವೆ ಹಳೇ ಟವೆಲಿನಲ್ಲಿ ಸುತ್ತಿಕೊಂಡು ಅದು ನಮ್ಮ ಮನೆ ಸೇರಿತು.

ಕೈಗೆ ತಗೊಂಡರೆ, ಆಹಾ! ಬ್ಯಾಟರಿ ಬಿಟ್ಟು 350 ಗ್ರಾಂ ತೂಕದ ಕಪ್ಪು ಇಟ್ಟಿಗೆ. ಎಡಗಡೆ ಬೆಳಕು ಹೆಚ್ಚು ಕಡಿಮೆ ಮಾಡುವ ಡಯಲು. ಬಲಗಡೆ ಒಂದರ ಮೇಲೊಂದು ಎರಡು ಡಯಲು: ಮೇಲಿನದು ಮೋಡಿಗೆ, ಕೆಳಗಿನ ಅಗಲದ್ದು ಐಎಸ್‌ಒಗೆ. ಎಡಗಡೆಯದನ್ನು ತಿರುಗಿಸಿದರೆ ಟಿಕ್ ಟಿಕ್ ಎಂದು ಬೆರಳತುದಿಗೆ ತಿಳಿಯುವ ಹಾಗೆ ಒಂದೊಂದೇ ಹೆಜ್ಜೆ ಸರಿಯುತ್ತದೆ, ಹೆಜ್ಜೆಗೆ ಮೂರನೆಯ ಒಂದು ಸ್ಟಾಪ್. ಟಿವಿ ನೋಡುತ್ತಾ ಅದನ್ನು ತಿರುಗಿಸುತ್ತಾ ಕೂತರೆ ಸಂಜೆ ಕಳೆದದ್ದೇ ಗೊತ್ತಾಗುತ್ತಿರಲಿಲ್ಲ. “ಜಪಮಣಿ ಆದರೂ ಹಿಡಿದಿದ್ರೆ ಪುಣ್ಯ ಬರ್ತಿತ್ತು” ಎಂದರು ಅತ್ತೆ. ಕಾಂಪ್ಯಾಕ್ಟ್ ಎಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಜೇಬಿಗೆ ಹಿಡಿಯಿತು ನಿಜ. ಪ್ಯಾಂಟನ್ನು ಮಾತ್ರ ಕೈಯಲ್ಲಿ ಹಿಡಿಯಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಹೆಮ್ಮೆ ಅದರ 14.7 ಮೆಗಾಪಿಕ್ಸೆಲ್. ಬಂಧುಬಳಗದಲ್ಲಿ ಯಾರ ಹತ್ತಿರವೂ ಅಷ್ಟಿರಲಿಲ್ಲ. ಕುಶಲ ಕೇಳಿದವರಿಗೆ ಮೊದಲು ಪಿಕ್ಸೆಲ್ ಹೇಳಿ ಆಮೇಲೆ ಕುಶಲ ಹೇಳುತ್ತಿದ್ದೆ. ವರ್ಷ ತುಂಬುವುದರೊಳಗೆ, 2009ರಲ್ಲಿ, ಕ್ಯಾನನ್ ಜಿ11 ಬಿಟ್ಟಿತು. ಪಿಕ್ಸೆಲ್ ಎಷ್ಟು? ಹತ್ತು! ಬೆಲೆ ಎಷ್ಟು? ಅದೇ ಐನೂರು ಡಾಲರು. ಮೇಲಾಗಿ ತಿರುಗುವ ಪರದೆ ಮರಳಿ ಬಂದಿದೆ. ಬಲ್ಲವರೆಲ್ಲ ಕೈ ತಟ್ಟಿ, ಎಷ್ಟೋ ವರ್ಷಕ್ಕೆ ಒಬ್ಬ ತಯಾರಕರಿಗೆ ಬುದ್ಧಿ ಬಂತು ಎಂದು ಹೊಗಳಿದರು.

ಪಿಕ್ಸೆಲ್ ಕಡಿಮೆಯಾದರೆ ಒಳ್ಳೆಯದು ಹೇಗೆ ಎಂದು ಮನೆಯಲ್ಲಿ ಕೇಳಿದರು. ಪಾಪ, ಕೇಳಲಿಲ್ಲ, ನಾನೇ ಹೇಳಿದೆ. ಎರಡೂ ಕ್ಯಾಮೆರಾದ ಸೆನ್ಸಾರ್ ಒಂದೇ ಅಳತೆಯದು, ಸುಮಾರು ಏಳೂವರೆ ಮಿಲಿಮೀಟರ್ ಉದ್ದ, ಐದೂವರೆ ಅಗಲ, ಕಿರುಬೆರಳಿನ ಉಗುರಿನಷ್ಟು. ಹತ್ತು ಎಲೆ ಹಾಕುವ ಪಂಕ್ತಿಯಲ್ಲಿ ಹದಿನೈದು ಎಲೆ ಹಾಕಿದ ಹಾಗೆ. ಕೂತವರ ಮೊಣಕೈಗೆ ಮೊಣಕೈ ತಾಗುತ್ತದೆ, ಒಬ್ಬೊಬ್ಬರ ಎಲೆಗೆ ಬೀಳುವುದೂ ಕಡಿಮೆ. ಇಲ್ಲಿ ಬಡಿಸುವುದು ಬೆಳಕು. ಹಗಲಿನಲ್ಲಿ ಧಾರಾಳ ಬೆಳಕಿದ್ದಾಗ ತೊಂದರೆಯಿಲ್ಲ; ಮಬ್ಬಿನಲ್ಲಿ ಸಾಲದೆ ಹೋಗಿ ಚಿತ್ರದಲ್ಲಿ ಕಾಳುಕಾಳು ಎದ್ದು ಕಾಣುತ್ತದೆ. ಇಷ್ಟೆಲ್ಲ ಕೇಳಿಸಿಕೊಂಡ ಈಕೆ, “ಅಂದರೆ ನೀವು ತರಿಸಿದ್ದು ಹದಿನೈದು ಎಲೆಯದ್ದು” ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು. ಅದು ಸಿಡಿದ ಸದ್ದು ನನಗೆ ಮಾತ್ರ ಸ್ವಲ್ಪ ಹೆಚ್ಚಾಗಿ ಕೇಳಿಸಿತು.

ಈಗ ವ್ಯೂಫೈಂಡರಿನ ಕತೆ. ಜಿ1ರಿಂದ ಜಿ16ರ ತನಕ ಈ ಸಾಲಿನ ಕ್ಯಾಮೆರಾಗಳ ಹಣೆಯಲ್ಲಿ ಒಂದು ಪುಟ್ಟ ಗಾಜಿನ ಕಿಂಡಿ ಇರುತ್ತಿತ್ತು. ಪರದೆ ನೋಡಿ ತೆಗೆಯುವವರು ಪ್ರವಾಸಿಗಳು, ಕಿಂಡಿಗೆ ಕಣ್ಣಿಟ್ಟು ತೆಗೆಯುವವನೇ ಕಲಾವಿದ ಎಂಬುದು ನನ್ನ ಸಿದ್ಧಾಂತ. ಆದರೆ ಆ ಕಿಂಡಿಗೆ ಕಾಣುವುದು ಫೋಟೊದಲ್ಲಿ ಬರುವುದರ ಮುಕ್ಕಾಲು ಪಾಲು ಮಾತ್ರ. ಕೆಳಗಿನ ಮೂಲೆಯಲ್ಲಿ ಲೆನ್ಸಿನ ಮೂತಿಯೇ ಅಡ್ಡ ಬರುತ್ತದೆ. ಇದರ ಪರಿಣಾಮ ಕಂಡದ್ದು ಗೃಹಪ್ರವೇಶವೊಂದರಲ್ಲಿ. ನಮ್ಮ ಚಿಕ್ಕಪ್ಪಂದಿರಿಬ್ಬರಿಗೆ ಆಸ್ತಿಯ ವಿಚಾರದಲ್ಲಿ ಮಾತಿಲ್ಲ. ಒಬ್ಬರನ್ನು ಮಾತ್ರ ಫ್ರೇಮಿನಲ್ಲಿ ಕೂರಿಸಿ, ಇನ್ನೊಬ್ಬರನ್ನು ಅತಿ ನಾಜೂಕಿನಿಂದ ಹೊರಗಿಟ್ಟು ಕ್ಲಿಕ್ಕಿಸಿದೆ. ಪ್ರಿಂಟ್ ಹಾಕಿಸಿ ನೋಡಿದರೆ ಇಬ್ಬರೂ ಇದ್ದಾರೆ! ಒಬ್ಬರು ನಗುತ್ತಿದ್ದಾರೆ, ಇನ್ನೊಬ್ಬರು ಅಂಚಿನಲ್ಲಿ ಅವರನ್ನೇ ದುರುಗುಟ್ಟಿಕೊಂಡು ಹೋಳಿಗೆ ತಿನ್ನುತ್ತಿದ್ದಾರೆ. ಅವರ ಹಿಂದೆ ಒಣಹಾಕಿದ ಬನಿಯನ್ನೂ ಇದೆ. ಕೋರ್ಟು ಒಂದು ಮಾಡಲಾಗದವರನ್ನು ಜಿ10 ಒಂದು ಮಾಡಿತು.

ಅಣ್ಣನ ಮಗನ ಉಪನಯನಕ್ಕೆ ಫೋಟೊ ನಾನೇ ತೆಗೆಯುವುದೆಂದು ಗೊತ್ತಾಗಿತ್ತು. ಅತ್ತಿಗೆ ಮುಂಜಾಗ್ರತೆಗೆ ಇರಲಿ ಎಂದು ಸ್ಟುಡಿಯೋದ ಹುಡುಗನನ್ನೂ ಕರೆಸಿದ್ದರು. ಆ ಮುಂಜಾಗ್ರತೆಯಲ್ಲಿ ನನ್ನ ಬಗೆಗಿನ ಅಭಿಪ್ರಾಯವಿತ್ತು, ನಾನು ನೋಡದವನಂತಿದ್ದೆ. ಛತ್ರದಲ್ಲಿ ಟ್ಯೂಬ್‌ಲೈಟು, ಹೋಮದ ಹೊಗೆ, ಕಿಟಕಿಯಿಂದ ಬಿಸಿಲು. ಮೂರು ಥರದ ಬೆಳಕಿಗೆ ಮೂರು ಡಯಲು ಹೊಂದಿಸುವಷ್ಟರಲ್ಲಿ ಮಾತೃಭಿಕ್ಷೆ ಮುಗಿದು, ತಾಯಿ ಕಣ್ಣೊರೆಸಿಕೊಂಡೂ ಆಗಿತ್ತು. ನಾನು ತೆಗೆದದ್ದರಲ್ಲಿ ಖಾಲಿ ಬೆಳ್ಳಿ ತಟ್ಟೆಯ ಮೇಲೆ ಬೆಳಕು ಬಿದ್ದ ರೀತಿ ಅಪೂರ್ವವಾಗಿ ಬಂದಿದೆ.

ಉಳಿದ ಫೋಟೊಗಳೂ ಚೆನ್ನಾಗಿದ್ದವು. ಆದರೆ ಎಲ್ಲವೂ ರಾ. ಒಂದೊಂದನ್ನೇ ಕೂತು ತಿದ್ದಿ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಪ್ರಪಂಚ ಹೋರಾಡಿ ವಾಪಸ್ ಪಡೆದ ರಾ ಅದು. ಅವಸರ ಮಾಡಿದರೆ ಅಪಚಾರ. ಕಂಪ್ಯೂಟರು ಬದಲಾಯಿತು, ಹಾರ್ಡ್‌ಡಿಸ್ಕು ಬದಲಾಯಿತು, ಕಡತಗಳನ್ನು ಒಂದರಿಂದ ಒಂದಕ್ಕೆ ಭಕ್ತಿಯಿಂದ ದಾಟಿಸಿದೆ. ಮೊನ್ನೆ ಆ ವಟು ತನ್ನ ಮದುವೆಯ ಆಮಂತ್ರಣ ಪತ್ರಿಕೆ ಹಿಡಿದು ಬಂದ. ಅಕ್ಷತೆ ಕೊಟ್ಟು, “ಮುಂಜಿ ಫೋಟೊ ಮದುವೆಯ ಒಳಗೆ ಸಿಗುತ್ತಾ ಚಿಕ್ಕಪ್ಪ?” ಎಂದ. ವ್ಯಂಗ್ಯವಿರಲಿಲ್ಲ, ಒಳ್ಳೆಯ ಹುಡುಗ.

ಆಮೇಲಿನ ಇತಿಹಾಸವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದನ್ನೆಲ್ಲ ನಾನು ಮತ್ತೆ ಓದಿಯೇ ಅನುಭವಿಸಿದ್ದು. 2010ರ ಜಿ12ರಲ್ಲಿ ತಿರುಗುವ ಪರದೆ ಉಳಿಯಿತು, 2012ರ ಜಿ15ರಲ್ಲಿ ಪುನಃ ಹೋಯಿತು. ಬದಲಿಗೆ ಲೆನ್ಸಿನ ಬಾಯಿ ಎಫ್1.8ಕ್ಕೆ ಅಗಲವಾಯಿತು. ಆ ಹೊತ್ತಿಗೆ ಫೋನುಗಳು ಸಣ್ಣ ಕ್ಯಾಮೆರಾಗಳ ಅನ್ನಕ್ಕೆ ಕೈ ಹಾಕಿದ್ದವು. ಅದೇ ವರ್ಷ ಸೋನಿಯವರು ಆರ್‌ಎಕ್ಸ್100 ಎಂಬ ಪುಟ್ಟ ಕ್ಯಾಮೆರಾದೊಳಗೆ ಒಂದು ಇಂಚಿನ ಸೆನ್ಸಾರ್ ತುರುಕಿ ಆಟವನ್ನೇ ಬದಲಿಸಿದರು. ಒಂದು ಇಂಚು ಎಂದರೂ ಅಳೆದರೆ 13.2ಕ್ಕೆ 8.8 ಮಿಲಿಮೀಟರ್, ಆದರೂ ನನ್ನ ಜಿ10ರ ಪಂಕ್ತಿಗಿಂತ ಸುಮಾರು ಎರಡೂಮುಕ್ಕಾಲು ಪಟ್ಟು ವಿಶಾಲ. ಕ್ಯಾನನ್ 2014ರಲ್ಲಿ ಅದೇ ಅಳತೆಯ ಸೆನ್ಸಾರ್ ಹಾಕಿ ಜಿ7 ಎಕ್ಸ್ ತಂದಿತು, ಏಳುನೂರು ಡಾಲರು. ಬ್ಯಾಟರಿ ಸೇರಿ 304 ಗ್ರಾಂ, ನಿಜವಾಗಿಯೂ ಜೇಬಿಗೆ ಹಿಡಿಯುವಂಥದ್ದು. ಆದರೆ ಕಿಂಡಿ ಹೋಯಿತು. 2019ರ ಮಾರ್ಕ್ 3ರಲ್ಲಿ ಮೈಕ್ ಚುಚ್ಚಲು ತೂತು ಬಂತು, ಯೂಟ್ಯೂಬಿಗೆ ನೇರ ಪ್ರಸಾರ ಬಂತು. ಇಪ್ಪತ್ತು ವರ್ಷ ಎದುರಿಗಿರುವವರನ್ನು ನೋಡಿಕೊಂಡು ಬಂದ ವಂಶ, ಕೊನೆಗೆ ಹಿಡಿದವನ ಮುಖದ ಕಡೆಗೇ ತಿರುಗಿತು. ನನ್ನ ಅಭಿಪ್ರಾಯ ಕೇಳಿದರೆ, ಈ ವಂಶ ಮುಪ್ಪಿನಲ್ಲಿ ದಾರಿ ತಪ್ಪಿದ್ದು ಅಲ್ಲಿಯೇ. ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಮಗಳ ಬಾಲ್ಯ ಎಲ್ಲಿ ಹೋಯಿತು ಎನ್ನುತ್ತೀರಾ? ಅದು ಪೂರ್ತಿಯಾಗಿ ಈಕೆಯ ಫೋನಿನಲ್ಲಿದೆ. ಮೊದಲ ಹೆಜ್ಜೆ, ಬಿದ್ದ ಹಲ್ಲು, ಕೃಷ್ಣನ ವೇಷ, ಎಲ್ಲ. ಹಲವು ಚಿತ್ರಗಳಲ್ಲಿ ಹಿನ್ನೆಲೆಯಲ್ಲಿ ಬಗ್ಗಿಕೊಂಡು ಡಯಲು ತಿರುಗಿಸುತ್ತಿರುವ ಒಬ್ಬ ಮನುಷ್ಯ ಕಾಣುತ್ತಾನೆ. ನನ್ನ ತಲೆಯ ಹಿಂಭಾಗದಲ್ಲಿ ಕೂದಲು ವಿರಳವಾದದ್ದರ ಸಂಪೂರ್ಣ ದಾಖಲೆ ಅಲ್ಲಿ ಲಭ್ಯ.

ಆ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಹೋದ ವಾರ ಬೀರುವಿನ ಮುಂದೆ ನಿಂತು, “ಅಪ್ಪ, ನಿನ್ನ ಡಿಜಿಕ್ಯಾಮ್ ಕೊಡ್ತೀಯಾ?” ಅಂದಳು. ಅವಳ ಗೆಳತಿಯರೆಲ್ಲ ಹಳೆಯ ಕ್ಯಾಮೆರಾ ಹುಡುಕುತ್ತಿದ್ದಾರಂತೆ. ಅದರಲ್ಲೂ ಸಿಸಿಡಿ ಸೆನ್ಸಾರಿನದ್ದೇ ಬೇಕಂತೆ, ಬಣ್ಣವೇ ಬೇರೆಯಂತೆ. ಜಿ1ರಿಂದ ಜಿ12ರ ವರೆಗೆ ಸಿಸಿಡಿ, ಜಿ15ರಿಂದ ಸಿಮಾಸ್, ಬಣ್ಣ ಬದಲಾಗುವುದಕ್ಕೆ ಸೆನ್ಸಾರಿನ ಜಾತಿಗಿಂತ ಒಳಗಿನ ಸಂಸ್ಕರಣೆ ದೊಡ್ಡ ಕಾರಣ ಎಂದು ನಾನು ಶುರುಮಾಡುವಷ್ಟರಲ್ಲಿ ಅವಳು ಕ್ಯಾಮೆರಾ ಹಿಡಿದು ಮೆಟ್ಟಿಲಿಳಿದಿದ್ದಳು. ಡಯಲುಗಳನ್ನು ಮುಟ್ಟಲೇ ಇಲ್ಲ. ಹಸಿರು ಆಟೊ ಮೋಡಿಗೆ ಇಟ್ಟು, ಫ್ಲ್ಯಾಶ್ ಹೊಡೆದು, ಕ್ಯಾಂಟೀನಿನಲ್ಲಿ ಎಲ್ಲರ ಮುಖ ಬೆಳ್ಳಗೆ ಮಾಡಿಕೊಂಡು ಬಂದಳು. ಒಂದೇ ದಿನದಲ್ಲಿ ನಾನು ತೆಗೆದ ಒಟ್ಟು ಫೋಟೊಗಳಿಗಿಂತ ಹೆಚ್ಚಿಗೆ ಹೊಗಳಿಕೆ ಸಂಪಾದಿಸಿದಳು. “ನೋಡಿ, ಕ್ಯಾಮೆರಾ ಒಳ್ಳೇದೇ ಇತ್ತು” ಅಂದಳು ಈಕೆ.

ಈಗಿರುವ ತೊಂದರೆ ಒಂದೇ. ಬ್ಯಾಟರಿಗೆ ವಯಸ್ಸಾಗಿದೆ, ಬೆಳಿಗ್ಗೆ ತುಂಬಿಸಿದರೆ ಕಾಲೇಜು ತಲುಪುವಷ್ಟರಲ್ಲಿ ಪ್ರಾಣ ಬಿಡುತ್ತದೆ. ಜಿ10, ಜಿ11, ಜಿ12 ಮೂರಕ್ಕೂ ಹೊಂದುವುದು ಎನ್‌ಬಿ-7ಎಲ್ ಎಂಬ ಒಂದೇ ಬ್ಯಾಟರಿ. ಓದುಗರಲ್ಲಿ ಯಾರ ಮನೆಯ ಡ್ರಾಯರಿನಲ್ಲಾದರೂ ಸುಸ್ಥಿತಿಯಲ್ಲಿರುವ ಒಂದು ಬಿದ್ದಿದ್ದರೆ ದಯವಿಟ್ಟು ತಿಳಿಸಿ, ತಕ್ಕ ಬೆಲೆ ಕೊಟ್ಟು ಒಯ್ಯುತ್ತೇನೆ. ಜೊತೆಗೆ ಜಿ12 ಕೂಡ ಇದ್ದರೆ ಅದನ್ನು ಬೇರೆಯಾಗಿ, ಈಕೆ ಆಫೀಸಿನಲ್ಲಿರುವ ಹೊತ್ತು ನೋಡಿ ತಿಳಿಸತಕ್ಕದ್ದು.