ಹತ್ತು ಮಿಲಿಮೀಟರಿನ ಹಠ

ಬೈಕು ಓಡಿಸುವವನಿಗೆ ತನ್ನ ಹಿಂದಿನ ಟೈರು ಕಾಣುವುದೇ ಇಲ್ಲ. ಅದನ್ನು ಕಾಣುವ ಭಾಗ್ಯವೇನಿದ್ದರೂ ಸಿಗ್ನಲ್ಲಿನಲ್ಲಿ ಬೆನ್ನಿಗೇ ಬಂದು ನಿಂತ ರಿಕ್ಷಾದವನದು. ಆದರೂ ಕಲ್ಯಾಣದಿಂದ ಥಾಣೆಯವರೆಗೆ, ಡೊಂಬಿವಲಿಯಿಂದ ವಾಶಿಯವರೆಗೆ ಬೈಕಿನ ಹುಚ್ಚಿರುವ ಯಾವ ಹುಡುಗನನ್ನು ಬೇಕಾದರೂ ಕೇಳಿ ನೋಡಿ. ಮುಂದಿನ ಟೈರಿನ ಅಳತೆ ಮರೆತಿರಬಹುದು, ಅಪ್ಪನ ಹುಟ್ಟಿದ ದಿನವೂ ಮರೆತಿರಬಹುದು, ಹಿಂದಿನ ಟೈರಿನ ಅಗಲ ಮಾತ್ರ ಬಾಯಿಪಾಠ.

ನನ್ನ ತಂಗಿಯ ಮಗ ಆ ಪಂಗಡದವನು. ಕೆಲಸ ಐರೋಲಿಯಲ್ಲಿ, ಊಟ-ನಿದ್ದೆ ಡೊಂಬಿವಲಿ ಪೂರ್ವದ ನಮ್ಮ ಮನೆಯಲ್ಲಿ, ಮನಸ್ಸು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿ. ಅಲ್ಲಿ 1990ರಿಂದ ಮದ್ರಾಸ್ ರೇಸ್ ಟ್ರ್ಯಾಕ್ ಇದೆ. ಸುಮಾರು 3.7 ಕಿಲೋಮೀಟರಿನ ಸುತ್ತು. ದುಡ್ಡು ಕಟ್ಟಿದರೆ ಟ್ರ್ಯಾಕ್ ಡೇ ಎಂಬ ಹೆಸರಿನಲ್ಲಿ ನಮ್ಮಂಥವರ ಮಕ್ಕಳೂ ಅಲ್ಲಿ ಬೈಕು ಓಡಿಸಬಹುದು. ಎದುರಿನಿಂದ ಟ್ಯಾಂಕರ್ ಬರುವುದಿಲ್ಲ, ಹೊಂಡವಿಲ್ಲ, ಎಮ್ಮೆ ಇಲ್ಲ. ಮಳೆಗಾಲದಲ್ಲಿ ಕಟಾಯಿ ನಾಕಾ, ಶಿಳ್‌ಫಾಟಾ ದಾಟಿ ಆಫೀಸು ಸೇರುವವನಿಗೆ ಸ್ವರ್ಗ ಎಂದರೆ ಇನ್ನೇನು?

ಬೈಕು ಕೆಟಿಎಂ ಆರ್‌ಸಿ 390. ಕಂಪನಿ ಕೊಟ್ಟ ಹಿಂದಿನ ಟೈರು 150/60, ರಿಮ್ಮು 17 ಇಂಚಿನದು. ಇವನಿಗೆ ಬೇಕಾದದ್ದು 160.

"ಮಾವ, ಟ್ರ್ಯಾಕಿಗೆ ಹೋಗುವುದೆಂದರೆ ಗ್ರಿಪ್ ಬೇಕಲ್ವಾ?"

ನಾನು ಬಜಾಜ್ ಚೇತಕ್ ಕಾಲದವನು. ಅದಕ್ಕೆ ಮುಂದೆಯೂ 3.50-10, ಹಿಂದೆಯೂ 3.50-10, ಸ್ಟೆಪ್ನಿಯೂ ಅದೇ. ಬುಕ್ ಮಾಡಿ ವರ್ಷಗಟ್ಟಲೆ ಕಾದವನಿಗೆ ಸ್ಕೂಟರು ಕೈಗೆ ಬಂದದ್ದೇ ದೊಡ್ಡದು, ಟೈರಿನ ಅಗಲವನ್ನು ಯಾರು ಕೇಳಬೇಕು? ಆದರೂ ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕಿ ಪಳಗಿದ ಕೈ ಸುಮ್ಮನಿರಲಿಲ್ಲ. ಪತ್ರಿಕೆಯ ಅಂಚಿನಲ್ಲೇ ಪೆನ್ಸಿಲ್ ಹಿಡಿದು ಕೂತೆ. 150/60 ಎಂದರೆ ಅಗಲ 150 ಮಿಲಿಮೀಟರ್, ಎತ್ತರ ಅದರ ಶೇಕಡಾ 60, ಅಂದರೆ 90. ಮೇಲೊಂದು 90, ಕೆಳಗೊಂದು 90, ನಡುವೆ 17 ಇಂಚಿನ ರಿಮ್ಮು 431.8. ಒಟ್ಟು 611.8. ಇದೇ ಲೆಕ್ಕದಲ್ಲಿ 160/60ಕ್ಕೆ 623.8. ಅಂದರೆ ಹುಡುಗ ಅಗಲ ಕೇಳಿದರೆ ಅಂಗಡಿಯವನು ಎತ್ತರವನ್ನೂ ಸೇರಿಸಿ ಕೊಡುತ್ತಾನೆ. ಬೈಕಿನ ಹಿಂಭಾಗ 6 ಮಿಲಿಮೀಟರ್ ಮೇಲೇರುತ್ತದೆ, ಚಕ್ರ ಒಂದು ಸುತ್ತಿಗೆ ಹತ್ತಿರ ಹತ್ತಿರ ಶೇಕಡಾ ಎರಡರಷ್ಟು ಹೆಚ್ಚು ದೂರ ಹೋಗುತ್ತದೆ. ಕೇಳಲು ಲಾಭದಂತಿದೆ. ಆದರೆ ತಿರುವು ಮುಗಿಸಿ ಆಕ್ಸಲರೇಟರ್ ತಿರುವಿದಾಗ ಎಳೆತದಲ್ಲಿ ಅಷ್ಟೇ ಪರ್ಸೆಂಟು ಕಡಿತ. ಇದು ಸಾಲವಲ್ಲದೆ ಲಾಭ ಹೇಗಾದೀತು?

ಇಷ್ಟನ್ನು ವಿವರಿಸಿದೆ. "ಮಾವ, ಇದು ಎಫ್‌ಡಿ ಅಲ್ಲ," ಎಂದ.

ಕಲ್ಯಾಣದ ಟೈರಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯವನು ಹೇಳಿದ್ದು ಒಂದೇ ಮಾತು: "ಕಾಕಾ, ಪೀಛೆ ಸೇ ಏಕ್‌ದಮ್ ಭಾರೀ ದಿಖೇಗಾ." ಹಿಂದಿನಿಂದ ಭರ್ಜರಿಯಾಗಿ ಕಾಣುವುದೇ ಟೈರಿನ ಧರ್ಮ ಎಂದು ಅವನೂ ನಂಬಿದ್ದ. ನಾನು ಬಗ್ಗಿ ಟೈರಿನ ಪಕ್ಕದ ನಾಲ್ಕಂಕಿ ಓದಿದೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹೊಸದೇ ಇತ್ತು. ಆಕ್ಷೇಪಣೆಗೆ ಬೇರೆ ದಾರಿ ಉಳಿಯಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಗಾಡಿಯ ಮಾರ್ಪಾಡಿನ ವಿಚಾರವಿದೆ ಎಂದು ಗೊಣಗಿದೆ. ಅಷ್ಟು ಹೊತ್ತಿಗೆ ಹಳೇ ಟೈರು ನೆಲದ ಮೇಲಿತ್ತು.

ನಿಜವಾದ ತೊಡಕು ಇದ್ದದ್ದು ರಿಮ್ಮಿನಲ್ಲಿ. ಆ ಬೈಕಿನ ಹಿಂದಿನ ರಿಮ್ಮಿನ ಅಗಲ 4 ಇಂಚು. 160ರ ಟೈರಿಗೆ ಸಾಮಾನ್ಯವಾಗಿ 4.5 ಇಂಚು ಬೇಕು. ಡೊಂಬಿವಲಿ ಲೋಕಲ್ಲಿನಲ್ಲಿ ಮೂವರ ಬೆಂಚಿನ ತುದಿಗೆ ನಾಲ್ಕನೆಯವನಾಗಿ ಒತ್ತಿಕೊಂಡವನನ್ನು ನೆನಪಿಸಿಕೊಳ್ಳಿ. ಕೂತದ್ದೇನೋ ಹೌದು, ಆದರೆ ಹೆಗಲೆರಡೂ ಒಳಕ್ಕೆ ಮಡಿಚಿ ಎದೆ ಮುಂದಕ್ಕೆ ಉಬ್ಬಿರುತ್ತದೆ. ಟೈರಿನ ಗತಿಯೂ ಅದೇ. ಎರಡೂ ಬದಿ ಒಳಕ್ಕೆ ಒತ್ತಿ, ನಡುಭಾಗ ಚೂಪಾಗಿ, ಅಂಚುಗಳು ರಸ್ತೆಯಿಂದ ದೂರ ಸರಿಯುತ್ತವೆ. ಬೈಕನ್ನು ಎಷ್ಟು ವಾಲಿಸಿದರೂ ದುಡ್ಡು ಕೊಟ್ಟು ತಂದ ಹೆಚ್ಚುವರಿ ರಬ್ಬರು ನೆಲ ಮುಟ್ಟುವುದಿಲ್ಲ.

ದೀಪಾವಳಿಯ ಬೆಳಿಗ್ಗೆ ಫಡ್ಕೆ ರೋಡಿನಲ್ಲಿ 160ಕ್ಕೆ ಜಯಭೇರಿ. ಊರಿನ ಹರೆಯವೆಲ್ಲ ಹೊಸ ಬಟ್ಟೆ ತೊಟ್ಟು ಅಲ್ಲಿ ಸೇರುವ ದಿನ ಅದು. ಬೈಕು ನಿಂತೇ ಇತ್ತು, ನಿಂತ ಬೈಕಿಗೆ ಅಗಲದ ಟೈರು ಬಹಳ ಚೆಂದ. ವಾಶಿಯಿಂದ ಬೇಲಾಪುರಕ್ಕೆ ಪಾಮ್ ಬೀಚ್ ರಸ್ತೆಯಲ್ಲೂ ಚೆಂದವೇ. ಅಲ್ಲಿ ತಿರುವೆಂಬುದೇ ಅಪರೂಪ, ಟೈರಿನ ನಡುಭಾಗವಷ್ಟೇ ಸವೆದು ಚಪ್ಪಟೆಯಾಗುತ್ತದೆ. ಕಣ್ಣು ತೆರೆಸಿದ್ದು ಮಾಳ್‌ಶೇಜ್ ಘಾಟು. ಮುರಬಾಡಿನ ದಾರಿಯಾಗಿ ಹೋಗಿ ಬಂದವನು ಬೈಕು ನಿಲ್ಲಿಸಿ ಹಿಂದೆ ಕುಕ್ಕರಗಾಲಲ್ಲಿ ಕೂತ. ಟೈರಿನ ಎರಡೂ ಅಂಚಿಗೆ ಎರಡು ಬೆರಳಗಲದ ರಬ್ಬರು ಹೊಚ್ಚ ಹೊಸದು, ಅಚ್ಚಿನಿಂದ ಬಂದಾಗ ಇದ್ದ ರಬ್ಬರಿನ ಕೂದಲು ಕೂಡ ಒಂದೂ ಉದುರಿರಲಿಲ್ಲ. "ತಿರುವಿನಲ್ಲಿ ಬೈಕು ಒರಗುವುದಕ್ಕೇ ಒಲ್ಲೆ ಅನ್ನುತ್ತೆ ಮಾವ," ಎಂದ. ಒಲ್ಲೆ ಎನ್ನದೆ ಮತ್ತೇನು? ಟೈರು ಅಗಲವಾದಷ್ಟೂ ನೆಲ ಮುಟ್ಟುವ ಜಾಗ ನಡುಗೆರೆಯಿಂದ ಪಕ್ಕಕ್ಕೆ ಸರಿಯುತ್ತದೆ, ಅದೇ ವೇಗಕ್ಕೆ ಬೈಕನ್ನು ಇನ್ನಷ್ಟು ವಾಲಿಸಬೇಕಾಗುತ್ತದೆ. ಇನ್ನು ಗ್ರಿಪ್ಪಿನ ಮಾತು. ನೆಲ ಮುಟ್ಟುವ ಜಾಗವನ್ನು ಮುಖ್ಯವಾಗಿ ತೀರ್ಮಾನಿಸುವುದು ಮೇಲಿನ ಭಾರ ಮತ್ತು ಒಳಗಿನ ಗಾಳಿ. ಅಗಲ ಬದಲಾದರೆ ಬದಲಾಗುವುದು ಹೆಚ್ಚಾಗಿ ಆ ಜಾಗದ ಆಕಾರ. ಅಂಟು ಬರುವುದು ಮೆದು ರಬ್ಬರಿನಿಂದ, ಅದೂ ಸರಿಯಾಗಿ ಬಿಸಿಯಾದ ಮೇಲೆ.

ದೊಡ್ಡ ಬೈಕುಗಳ ಕತೆ ಬೇರೆ. 200 ಅಶ್ವಶಕ್ತಿಯನ್ನು ನೆಲಕ್ಕಿಳಿಸಬೇಕಾದ ಡುಕಾಟಿ ಪಾನಿಗಾಲೆ ವಿ4ಕ್ಕೆ 200/60 ಬೇಕು. ಇವನ ಬೈಕಿನದು 43ರ ಆಸುಪಾಸು. ಅಗಲದಲ್ಲೇ ವೇಗವಿದ್ದರೆ 240ರ ಟೈರಿನ ಹಾರ್ಲೆ ಫ್ಯಾಟ್ ಬಾಯ್ ರೇಸಿನಲ್ಲಿ ಎಲ್ಲರಿಗಿಂತ ಮುಂದಿರಬೇಕಿತ್ತು. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿಗೆ ಮೋಟೊಜಿಪಿ ಬಂದಾಗ ಜೊತೆಗೆ ಮೋಟೊ3 ಬೈಕುಗಳೂ ಬಂದಿದ್ದವು. ಗಂಟೆಗೆ 240 ಕಿಲೋಮೀಟರ್ ದಾಟಬಲ್ಲ ಆ ಬೈಕುಗಳಿಗೆ ಡನ್‌ಲಪ್ ಕೊಡುತ್ತಿದ್ದ ಹಿಂದಿನ ಟೈರಿನ ಅಗಲ 115. ನಮ್ಮ ಕಟ್ಟಡದ ವಾಚ್‌ಮನ್ನನ ಪಲ್ಸರ್ 220ರದ್ದು 120! ಇವನ ಬೈಕಿನ ಜಾತಿಯವೇ ಓಡುತ್ತಿದ್ದ ವಿಶ್ವ ಸೂಪರ್‌ಸ್ಪೋರ್ಟ್ 300 ರೇಸು ಶುರುವಾದದ್ದು 2017ರಲ್ಲಿ. ಅಲ್ಲಿ ಹಾಕುತ್ತಿದ್ದದ್ದು 140/70. ಕಂಪನಿಯ ಟೈರಿಗಿಂತ ಹತ್ತು ಮಿಲಿಮೀಟರ್ ಕಡಿಮೆ. ಅದನ್ನು ತೋರಿಸಿದಾಗ ಹುಡುಗನ ಮುಖ ನೋಡಬೇಕಿತ್ತು.

ಇಷ್ಟೂ ದಿನ ಬಾಯಿ ಬಿಡದ ಅವನ ಅತ್ತೆ ಚಪಾತಿ ಬಡಿಸುತ್ತ ತೀರ್ಪು ಕೊಟ್ಟಳು: "ಟೈರು ಹಾಗೇ ಇರಲಿ ಮಾರಾಯ, ನೀನೊಂದು ಐದು ಕಿಲೋ ಇಳಿಸು." ಎಂಜಿನಿಯರುಗಳೂ ಇದಕ್ಕಿಂತ ಹೆಚ್ಚೇನೂ ಹೇಳುತ್ತಿರಲಿಲ್ಲ.

ಕೊನೆಗೆ ಕಂಪನಿ ಹೇಳಿದ 150/60ನ್ನೇ ಮೆದು ರಬ್ಬರಿನಲ್ಲಿ ತರಿಸಿಕೊಂಡ. ಬೈಕಿನ ಪೆಟ್ರೋಲೆಲ್ಲ ಖಾಲಿ ಮಾಡಿ, ಗೋಣಿತಾಟು ಸುತ್ತಿಸಿ ಕಲ್ಯಾಣ ಜಂಕ್ಷನ್ನಿನಿಂದ ಚೆನ್ನೈಗೆ ಪಾರ್ಸೆಲ್ ಕಳಿಸಿ ತಾನೂ ಹೊರಟ. ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗಿತು ಎಂದು ಅಲ್ಲಿಂದ ಫೋನು ಮಾಡಿದ. ಅವನ ತಾಯಿಗೆ ನಾನು ಆ ವಿಷಯ ಹೇಳಿಲ್ಲ.

160ರ ಟೈರನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಅದೀಗ ನಮ್ಮ ಅಡುಗೆಮನೆಯ ಮಾಳಾದ ಮೇಲೆ ಇಡ್ಲಿ ಪಾತ್ರೆಯ ಪಕ್ಕದಲ್ಲಿದೆ. ನಡುಭಾಗ ಒಂದಿಷ್ಟು ಸವೆದಿದೆ, ಅಂಚುಗಳು ಹೊಚ್ಚ ಹೊಸವು. ಓದುಗರಲ್ಲಿ ಯಾರಿಗಾದರೂ 4.5 ಇಂಚಿನ ರಿಮ್ಮಿನ ಬೈಕಿದ್ದರೆ ಮಳೆಗಾಲಕ್ಕೆ ಮುಂಚೆ ಬಂದು ಒಯ್ಯಿರಿ. ದುಡ್ಡಿನ ಮಾತು ಬೇಡ, ಕಾಫಿ ನಮ್ಮದೇ. ರಿಮ್ಮಿನ ಅಳತೆಯನ್ನು ಮಾತ್ರ ಮೊದಲೇ ನೋಡಿಕೊಂಡು ಬನ್ನಿ.