ಬೋರ್ಡ್ ಯಾಕ್ರಿ, ಸಿಸ್ಟರ್ ಎಲ್ಲಾರ್ಗೂ ಗೊತ್ತು

ಕೆಎ 33 ನೋಂದಣಿಯ ಬೈಕುಗಳ ಹಿಂದೆ ನಿಂತು ಓದುತ್ತ ಹೋದರೆ ಯಾದಗಿರಿಯಲ್ಲಿ ಒಂದು ಸಣ್ಣ ಪುಸ್ತಕವನ್ನೇ ಮುಗಿಸಬಹುದು. ಪೊಲೀಸ್, ಪ್ರೆಸ್, ಅಡ್ವೊಕೇಟ್, ಡಾಕ್ಟರ್, ಬಸವಣ್ಣ, ಸಂಗೊಳ್ಳಿ ರಾಯಣ್ಣ, ಅವ್ವನ ಆಶೀರ್ವಾದ. ಸೋದರಮಾವ ಪೇದೆಯಾಗಿದ್ದರೆ ಅಳಿಯನ ಗಾಡಿಯೂ ಪೊಲೀಸ್ ಆಗುತ್ತದೆ. ದಿನಾ ಪೇಪರ್ ಓದುವವನಿಗಿಂತ, ಪೇಪರನ್ನು ಮಿರ್ಚಿಯ ಎಣ್ಣೆ ಒರೆಸಲು ಮಾತ್ರ ಬಳಸುವವನ ಗಾಡಿಯ ಮೇಲೆ ಪ್ರೆಸ್ ಎಂಬ ಅಕ್ಷರ ದಪ್ಪಗಿರುತ್ತದೆ. ಇಷ್ಟೆಲ್ಲ ಬರಹದ ನಡುವೆ ಹುಡುಕಿದರೂ ಸಿಗುವುದು ಕಷ್ಟ ಎನ್ನುವಂಥ ಪದವೊಂದಿದೆ: ನರ್ಸ್.

ಕಾರಣ ಹುಡುಕಲು ಸಂಶೋಧನೆ ಬೇಕಿಲ್ಲ. ಡಾಕ್ಟರ್ ಎಂಬ ಸ್ಟಿಕರ್ ಕಂಡರೆ ಜನ ದಾರಿ ಬಿಡುತ್ತಾರೆ. ನರ್ಸ್ ಎಂಬ ಸ್ಟಿಕರ್ ಕಂಡರೆ ಗಾಡಿಗೆ ಅಡ್ಡ ನಿಂತು ಅಂಗಿಯ ತೋಳು ಏರಿಸುತ್ತಾರೆ. “ಅಕ್ಕಾರ, ಒಂದೀಟು ಬಿಪಿ ನೋಡ್ರಲ್ಲ.”

ಹೀಗಿದ್ದರೂ ಡ್ಯೂಟಿ ಮುಗಿದ ಮೇಲೆ ನರ್ಸ್‌ಗಳು ತಮ್ಮ ವೃತ್ತಿಯನ್ನು ನಾಲ್ಕು ಜನರ ಮುಂದೆ ತೋರಿಸಿಕೊಳ್ಳಬೇಕೇ ಎಂಬ ಮಾತು ಆಗಾಗ ಏಳುತ್ತದೆ. ಬೇಕು ಎನ್ನುವ ಹುಡುಗಿಯರು ವಾಟ್ಸ್ಆ್ಯಪ್ ಚಿತ್ರದಲ್ಲಿ ಸ್ಟೆತಾಸ್ಕೋಪ್ ಹಾಕಿಕೊಂಡು ನಗುತ್ತಾರೆ. ಬೇಡ ಎನ್ನುವ ಹಿರಿಯ ಸಿಸ್ಟರುಗಳು ಅದೇ ಜಾಗದಲ್ಲಿ ಗುಲಾಬಿ ಹೂ ಇಟ್ಟುಕೊಂಡಿರುತ್ತಾರೆ. ಇಪ್ಪತ್ತು ವರ್ಷ ಸರ್ವಿಸ್ ಆದವರಿಗೆ ಗುಲಾಬಿ ಹೂವಿನ ಬೆಲೆ ಗೊತ್ತಿರುತ್ತದೆ.

ಆದರೆ ಯಾದಗಿರಿ, ಶಹಾಪುರ, ಸುರಪುರಗಳಂಥ ಊರುಗಳಲ್ಲಿ ಈ ಪ್ರಶ್ನೆಯನ್ನು ಸಿಸ್ಟರ್‌ಗೆ ಕೇಳುವುದೇ ತಪ್ಪು. ತೋರಿಸುವ ಕೆಲಸವನ್ನು ಊರೇ ವಹಿಸಿಕೊಂಡಿದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅಲ್ಲಿಯವರೆಗೆ ಅದು ಕಲಬುರಗಿ ಜಿಲ್ಲೆಯ ತಾಲ್ಲೂಕು. ದೊಡ್ಡ ಜಡ್ಡಿಗೆ ಕಲಬುರಗಿ, ರಾಯಚೂರು, ಕೈಯಲ್ಲಿ ದುಡ್ಡಿದ್ದರೆ ಸೋಲಾಪುರ, ಹೈದರಾಬಾದ್. ಉಳಿದ ಜಡ್ಡಿಗೆಲ್ಲ ಓಣಿಯ ಸಿಸ್ಟರ್ ಎಂಬ ವ್ಯವಸ್ಥೆ ಇತ್ತು. ಜಿಲ್ಲಾಸ್ಪತ್ರೆ ಬಂತು, ಮೆಡಿಕಲ್ ಕಾಲೇಜೂ ಬಂತು. ಓಣಿಯ ಸಿಸ್ಟರ್ ಮಾತ್ರ ಹುದ್ದೆಯಿಂದ ಬಿಡುಗಡೆಯಾಗಲಿಲ್ಲ. ಸರ್ಕಾರ ಸ್ಟಾಫ್ ನರ್ಸ್‌ಗಳನ್ನು ಶುಶ್ರೂಷಾಧಿಕಾರಿ ಎಂದು ಕರೆಯತೊಡಗಿದರೂ ದವಾಖಾನಿಯ ವರಾಂಡಾದಲ್ಲಿ ಅವರು ಸಿಸ್ಟರ್, ಹಳ್ಳಿಯ ಮುದುಕಿಯರ ಬಾಯಲ್ಲಿ ನರ್ಸಬಾಯಿ.

ಸುರಪುರದ ರಂಗಂಪೇಟೆಯಂಥ ಓಣಿಯಲ್ಲಿ ಲಸಿಕೆ ಹಾಕುವ ಸಿಸ್ಟರ್ ಕಾಲಿಟ್ಟ ದಿನವನ್ನು ನೋಡಬೇಕು. ಹೆಗಲಿಗೆ ನೀಲಿ ಲಸಿಕೆ ಡಬ್ಬಿ ಇರಬೇಕಿಲ್ಲ. ಅವರು ಕೊತ್ತಂಬರಿ ಕೊಳ್ಳಲು ಬಂದಿದ್ದರೂ ಸಾಕು, ಕಟ್ಟೆಯ ಮೇಲೆ ಗೋಲಿ ಆಡುತ್ತಿದ್ದ ಹುಡುಗರು ಮಾಯ. ಅಳುವ ಕೂಸನ್ನು ಸುಮ್ಮನಿರಿಸಲು ತಾಯಂದಿರು ಗುಮ್ಮನನ್ನು ಕರೆಯುವುದು ಬಿಟ್ಟು ಬಹಳ ದಿನವಾಯಿತು. “ಸುಮ್ಮನಿರ್ತೀಯೋ, ಸಿಸ್ಟರ್‌ಗೆ ಹೇಳಿ ಸೂಜಿ ಮಾಡಸ್ಲ್ಯೋ?” ಪಲ್ಸ್ ಪೋಲಿಯೊ ದಿನಗಳಲ್ಲಿ ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಬೀಳುತ್ತದೆ, ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ ಪಿ ಎಂದೂ, ಯಾರಾದರೂ ಉಳಿದಿದ್ದರೆ ಎಕ್ಸ್ ಎಂದೂ ಸೀಮೆಸುಣ್ಣದಲ್ಲಿ ಗುರುತು ಬೀಳುತ್ತದೆ. ತನ್ನ ಸ್ಕೂಟಿಯ ಮೇಲೆ ಒಂದಕ್ಷರ ಬರೆಸಿಕೊಳ್ಳದ ಸಿಸ್ಟರ್, ಊರವರ ಗೋಡೆಯ ಮೇಲೆಲ್ಲ ಸಹಿ ಹಾಕಿ ಬಂದಿರುತ್ತಾರೆ.

ಶಹಾಪುರದ ಯಾವುದಾದರೂ ಕಲ್ಯಾಣ ಮಂಟಪಕ್ಕೆ ಬನ್ನಿ. ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನೈಟ್ ಡ್ಯೂಟಿಯ ನಿದ್ದೆಗಣ್ಣಿಗೆ ಕಾಡಿಗೆ ಹಚ್ಚಿ ಸಿಸ್ಟರ್ ಪಂಕ್ತಿಯಲ್ಲಿ ಕುಂತಿರುತ್ತಾರೆ. ಗೋಧಿ ಹುಗ್ಗಿಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದ ಹಿರಿಯರು ಕಿಸೆಯಿಂದ ಗುಳಿಗೆ ಪಟ್ಟಿಯೊಂದನ್ನು ತೆಗೆಯುತ್ತಾರೆ. “ಇದು ಊಟದ ಮುಂಚೇನ್ರಿ, ಊಟಾದ ಮ್ಯಾಗೇನ್ರಿ?” ಪಟ್ಟಿಯ ಮೇಲೆ ಮೆಟ್‌ಫಾರ್ಮಿನ್ ಎಂದಿದೆ. ಹಿರಿಯರ ಎಲೆಯಲ್ಲಿ ಎರಡನೇ ಸಲ ಹಾಕಿಸಿಕೊಂಡ ಹುಗ್ಗಿ ಇದೆ. ಊಟದ ಜೊತೆಗೇ ತೆಗೆದುಕೊಳ್ಳಬೇಕು ಕಾಕಾ, ಆದರೆ ಹುಗ್ಗಿಯ ಜೊತೆಗಲ್ಲ ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಕೂಸು ಅವರ ತೊಡೆಯ ಮೇಲೆ ಬಂದು ಬೀಳುತ್ತದೆ: ಮೂರು ದಿನದ ಕೆಮ್ಮು. ಇನ್ಯಾರೋ ಎಕ್ಸ್‌ರೇ ತಂದಿರುತ್ತಾರೆ. ಮದುವೆಗೆ ಎಕ್ಸ್‌ರೇ ಯಾಕೆ ತಂದರು ಎಂದು ಕೇಳಬಾರದು, ಸಿಸ್ಟರ್ ಬರುವುದು ಅವರಿಗೆ ಗೊತ್ತಿತ್ತು. ಅದನ್ನು ಮಂಟಪದ ಝಗಮಗ ದೀಪಕ್ಕೆ ಹಿಡಿದು ನೋಡಲಾಗುತ್ತದೆ. ಅಡುಗೆಯವರೂ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡುತ್ತಾರೆ. ಎರಡು ಸಾಲಿನಾಚೆ ಒಬ್ಬ ಡಾಕ್ಟರು ನೆಮ್ಮದಿಯಿಂದ ಉಣ್ಣುತ್ತಿರುತ್ತಾರೆ. ಅವರ ಬಳಿ ಯಾರೂ ಹೋಗುವುದಿಲ್ಲ, ಅವರಿಗೆ ಫೀಸು ಇದೆ.

ಗಂಡು ನರ್ಸ್‌ಗಳ ಕಥೆಯೇ ಬೇರೆ. ಈ ಭಾಗದಲ್ಲಿ ನರ್ಸಿಂಗ್ ಓದಿದ ಹುಡುಗರು ಕಡಿಮೆಯೇನಿಲ್ಲ; ವಾರ್ಡಿನಲ್ಲಿ ಅವರು ಬ್ರದರ್. ಗೇಟು ದಾಟಿದ ಕೂಡಲೇ ಊರು ಅವರಿಗೆ ಬಡ್ತಿ ಕೊಟ್ಟು ಡಾಕ್ಟ್ರೇ ಎಂದು ಕರೆಯುತ್ತದೆ. ಅದೇ ಹೊತ್ತಿಗೆ ಒಳಗೆ, ಎಂಬಿಬಿಎಸ್ ಮುಗಿಸಿ, ಎಂಡಿ ಮುಗಿಸಿ, ಕೊರಳಲ್ಲಿ ಸ್ಟೆತಾಸ್ಕೋಪ್ ಹಾಕಿಕೊಂಡು ನಾಲ್ಕು ಹಾಸಿಗೆ ನೋಡಿ ಮುಗಿಸಿದ ವೈದ್ಯೆಯನ್ನು ಐದನೇ ಹಾಸಿಗೆಯವರು ಕೇಳುತ್ತಾರೆ: “ಸಿಸ್ಟರ್, ಡಾಕ್ಟ್ರು ಎಷ್ಟೊತ್ತಿಗಿ ಬರ್ತಾರ್ರಿ?” ವೃತ್ತಿಯನ್ನು ತೋರಿಸಿಕೊಳ್ಳುವ ಅಗತ್ಯ ನಿಜವಾಗಿ ಇದ್ದರೆ ಅದು ಈ ವೈದ್ಯೆಗೆ.

ಈ ತೋರಿಸುವ, ಅಡಗಿಸುವ ಆಟಕ್ಕೆ ನಾಂದಿ ಹಾಡಿದವರೂ ಫ್ಲಾರೆನ್ಸ್ ನೈಟಿಂಗೇಲ್ ಅವರೇ. 1854ರಲ್ಲಿ ಕ್ರಿಮಿಯಾ ಯುದ್ಧದ ಕಾಲಕ್ಕೆ 38 ಜನ ಹೆಂಗಸರನ್ನು ಕಟ್ಟಿಕೊಂಡು ಸ್ಕುಟಾರಿಗೆ ಹೊರಟಾಗ ಅವರು ತಮ್ಮ ನರ್ಸ್‌ಗಳಿಗೆ ಕೊಡಿಸಿದ್ದು ಬೂದು ಬಣ್ಣದ, ಯಾರಿಗೂ ಸರಿಯಾಗಿ ಒಪ್ಪದ ಉಡುಗೆ. ಮೇಲೊಂದು ಪಟ್ಟಿ, ಅದರ ಮೇಲೆ ಕೆಂಪು ದಾರದಲ್ಲಿ ಸ್ಕುಟಾರಿ ಆಸ್ಪತ್ರೆ ಎಂದು ಕಸೂತಿ. ಕುಡಿದ ಸಿಪಾಯಿಗಳು ತಿರುಗುವ ಬೀದಿಯಲ್ಲಿ ಆ ಹೆಸರೇ ಹೆಣ್ಣುಮಕ್ಕಳಿಗೆ ಕಾವಲು ಎಂಬ ಲೆಕ್ಕ. ಉಳಿದವರಿಗೆಲ್ಲ ಹೀಗೆ ಬೋರ್ಡ್ ಹಾಕಿಸಿದ ಈ ಮಹಾತಾಯಿ, 1856ರಲ್ಲಿ ಇಂಗ್ಲೆಂಡ್ ಇಡೀ ಸ್ವಾಗತಕ್ಕೆ ಕಾದಿದ್ದಾಗ, ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿ, ತಮ್ಮೂರಿನ ರೈಲು ನಿಲ್ದಾಣದಿಂದ ಒಬ್ಬರೇ ನಡೆದುಕೊಂಡು ಮನೆ ಸೇರಿದರು. ಅವರ ಹುಟ್ಟಿದ ದಿನವಾದ ಮೇ 12ರಂದು ನರ್ಸಿಂಗ್ ಕಾಲೇಜುಗಳಲ್ಲಿ ಮೇಣದಬತ್ತಿ ಹಿಡಿದು ತೆಗೆಸುವ ಸಾಲು ಸಾಲು ಫೋಟೊಗಳನ್ನು ಕಂಡಿದ್ದರೆ ಅವರು ಇನ್ನೊಂದು ಹೆಸರು ಹುಡುಕಿಕೊಳ್ಳುತ್ತಿದ್ದರೋ ಏನೋ.

ಯಾದಗಿರಿ ಸ್ಟೇಷನ್ನಿನಲ್ಲಿ ಯಾವ ಸಿಸ್ಟರೂ ಮಿಸ್ ಸ್ಮಿತ್ ಆಗಿ ಇಳಿಯುವಂತಿಲ್ಲ. ಮುಂಬೈ ಗಾಡಿಯಿಂದ ಕಾಲು ಕೆಳಗಿಡುವಷ್ಟರಲ್ಲಿ ಆಟೊದವನು ಬ್ಯಾಗಿಗೆ ಕೈ ಹಾಕಿರುತ್ತಾನೆ. “ರಜಾ ಮುಗೀತೇನ್ರಿ ಸಿಸ್ಟರ್? ಚಲೋ ಆತು, ನಮ್ಮವ್ವಂದು ಹೊಲಿಗಿ ಬಿಚ್ಚೋದು ಹಂಗೇ ಉಳದದ.” ಬಾಡಿಗೆಯನ್ನಂತೂ ಬಿಡುವುದಿಲ್ಲ.

ಸಮವಸ್ತ್ರದ ಮಾತೂ ಇದೆ. ಡ್ಯೂಟಿ ಬಟ್ಟೆಯಲ್ಲೇ ಸಂತೆಗೆ ಹೋದರೆ ರೋಗ ಹರಡುತ್ತದೆಯೇ ಎಂಬ ಚರ್ಚೆ ಬ್ರಿಟನ್ನಿನಲ್ಲಿ ಜೋರಾಗಿ ನಡೆದು, 2007ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಅಧ್ಯಯನಗಳನ್ನೆಲ್ಲ ತರಿಸಿ ನೋಡಿತು. ಬಟ್ಟೆಯಿಂದ ಸೋಂಕು ಹರಡುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಆದರೆ ಅಂಗಡಿಯಲ್ಲಿ ಸಮವಸ್ತ್ರದ ನರ್ಸ್ ಕಂಡರೆ ಜನಕ್ಕೆ ಹಿಡಿಸುವುದಿಲ್ಲ, ಆದ್ದರಿಂದ ಬೇಡ ಎಂಬ ಸಲಹೆ ಬಂತು. ನಮ್ಮಲ್ಲಿ ಈ ತೀರ್ಮಾನಕ್ಕೆ ಬರಲು ಸಮಿತಿ ಬೇಕಾಗಲಿಲ್ಲ. ಎರೆಮಣ್ಣಿನ ಸೀಮೆಯಲ್ಲಿ, ಹತ್ತಿ ಸುಗ್ಗಿಯಲ್ಲಿ, ಶಕ್ತಿ ಯೋಜನೆ ಬಂದ ಮೇಲೆ ತುಂಬಿ ತುಳುಕುವ ಯಾದಗಿರಿ-ಶಹಾಪುರ ಬಸ್ಸು ಹತ್ತಿದ ಬಿಳಿ ಬಟ್ಟೆ ದೋರನಹಳ್ಳಿ ತಲುಪುವ ತನಕವೂ ಬಿಳಿಯಾಗಿ ಉಳಿಯುವುದಿಲ್ಲ. ಹಾಗಾಗಿ ಸಿಸ್ಟರುಗಳು ಏಪ್ರನ್ ಸುತ್ತಿ ಚೀಲಕ್ಕೆ ತುರುಕುತ್ತಾರೆ. ಪಾಪ, ಆಶಾ ಕಾರ್ಯಕರ್ತೆಯರಿಗೆ ಆ ಸೌಲಭ್ಯವೂ ಇಲ್ಲ. ಗುಲಾಬಿ ಸೀರೆಯನ್ನು ಚೀಲಕ್ಕೆ ತುರುಕಿ ಓಡಾಡಲಾಗುವುದಿಲ್ಲ.

ಸ್ಟಿಕರ್ ಅಂಟಿಸಿಯೇ ಸಿದ್ಧ ಎನ್ನುವವರಿಗೆ ಕಾನೂನಿನ ಎರಡು ಮಾತು. ನಂಬರ್ ಪ್ಲೇಟಿನ ಮೇಲೆ ನಂಬರ್ ಬಿಟ್ಟು ಬೇರೇನೂ ಇರಬಾರದು ಎಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಕಾಲದಿಂದಲೂ ಇರುವ ಮಾತು. ಇನ್ನು ಕೆಂಪು ಪ್ಲಸ್ ಗುರುತು. ಅದು ಆಸ್ಪತ್ರೆಯ ಗುರುತೂ ಅಲ್ಲ, ಔಷಧ ಅಂಗಡಿಯದೂ ಅಲ್ಲ; ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರ ಮೇಲೆ ಗುಂಡು ಹಾರಿಸಬೇಡಿ ಎಂದು ಹೇಳಲು 1864ರ ಜಿನೀವಾ ಒಪ್ಪಂದದಲ್ಲಿ ಗೊತ್ತುಮಾಡಿದ ರೆಡ್ ಕ್ರಾಸ್ ಲಾಂಛನ. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಬಳಸಿದರೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ 500 ರೂಪಾಯಿವರೆಗೆ ದಂಡ. ಆ ಕಾಯ್ದೆಯನ್ನು ಕೈಯಲ್ಲಿ ಹಿಡಿದು ಮೂರೂ ಊರಿನ ಮೆಡಿಕಲ್ ಶಾಪುಗಳ ಸಾಲಿನಲ್ಲಿ ಒಂದು ಸುತ್ತು ಹೊಡೆದರೆ ಒಂದು ರಸ್ತೆಗಾಗುವಷ್ಟು ದುಡ್ಡು ಸಂಗ್ರಹವಾದೀತು.

ತಮಾಷೆ ಬಿಟ್ಟು ಹೇಳುವುದಾದರೆ, ತೋರಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ನರ್ಸ್‌ಗಳು 2020ರ ಕೋವಿಡ್ ಕಾಲದಲ್ಲಿ ನೋಡಿಬಿಟ್ಟಿದ್ದಾರೆ. ಮಾರ್ಚ್ 22ರ ಸಂಜೆ ಐದಕ್ಕೆ ದೇಶವೇ ತಾಟು ಬಡಿದು ಅವರಿಗೆ ವಂದನೆ ಹೇಳಿತು. ತಾಟು ತೊಳೆದಿಟ್ಟ ಎರಡೇ ದಿನಕ್ಕೆ, ಮನೆ ಮಾಲೀಕರು ವೈದ್ಯರನ್ನೂ ನರ್ಸ್‌ಗಳನ್ನೂ ಬಾಡಿಗೆ ಮನೆಯಿಂದ ಹೊರಹಾಕುತ್ತಿದ್ದಾರೆ ಎಂಬ ದೂರು ದೆಹಲಿಯ ಗೃಹ ಸಚಿವಾಲಯ ಮುಟ್ಟಿತ್ತು. ಏಪ್ರಿಲ್ ಮೊದಲ ವಾರ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜಾಮೀನಿಲ್ಲದ ಅಪರಾಧ ಎಂದು ಏಪ್ರಿಲ್ 22ರಂದು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂ ಸುರಿಸಿದವು. ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು ಯಾದಗಿರಿ ಜಿಲ್ಲೆಗೆ ಗುಂಪುಗುಂಪಾಗಿ ಮರಳಿ, ಶಾಲೆ ಹಾಸ್ಟೆಲುಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದದ್ದು ಅದೇ ಬೇಸಿಗೆಯಲ್ಲಿ. ಒಂದೇ ಉಡುಗೆಗೆ ಒಂದು ಬೀದಿಯಲ್ಲಿ ಚಪ್ಪಾಳೆ, ಮುಂದಿನ ಬೀದಿಯಲ್ಲಿ ಬಾಗಿಲು ಬಂದ್. ಆಮೇಲೂ ಸ್ಟಿಕರ್ ಬೇಡ ಎನ್ನುವ ಸಿಸ್ಟರನ್ನು ಅಳುಕಿನವಳು ಎಂದು ಯಾರು ಅನ್ನುತ್ತಾರೆ?

ಒಂದು ಕಡೆ ಮಾತ್ರ ಈ ವೃತ್ತಿ ದಪ್ಪಕ್ಷರದಲ್ಲಿ ಹೊಳೆಯುತ್ತದೆ, ಅದು ಮದುವೆಯ ಬಯೋಡಾಟಾ. ನರ್ಸ್ ಹುಡುಗಿ ಎಂದರೆ ಮೂಗು ಮುರಿಯುತ್ತಿದ್ದ ಮನೆಗಳೇ, 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ಆದವರಿದ್ದರೆ ಹೇಳ್ರಿ ಎಂದು ದಲ್ಲಾಳಿಗೆ ಫೋನ್ ಮಾಡುತ್ತವೆ. ಸಂಬಳ ಮೊದಲ ಸಾಲಿನಲ್ಲಿರುತ್ತದೆ. ನೈಟ್ ಡ್ಯೂಟಿಯ ವಿಷಯ ಬಯೋಡಾಟಾದಲ್ಲಿ ಇರುವುದಿಲ್ಲ. ಅದು ಹೊರಬರುವುದು ಮದುವೆಯಾದ ಮೊದಲ ತಿಂಗಳ ಡ್ಯೂಟಿ ಪಟ್ಟಿಯ ಜೊತೆಗೆ.

ಮನೆಯ ಮುಂದೆ ನರ್ಸ್ ಎಂದು ಬೋರ್ಡ್ ಹಾಕುವುದಂತೂ ಖಂಡಿತ ಬೇಡ. ಬೋರ್ಡ್ ಕಂಡಲ್ಲಿ ಬೆಂಚು ಹುಟ್ಟುತ್ತದೆ, ಬೆಂಚಿನ ಮೇಲೆ ಜ್ವರದವರು ಕೂರುತ್ತಾರೆ, ಕೂತವರಿಗೆ ಸಲೈನ್ ಬಾಟ್ಲಿ ಏರಿಸದೆ ಸಮಾಧಾನವಾಗುವುದಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲೆಯಲ್ಲಿ ನೋಂದಣಿ ಮಾಡಿಸದೆ ಕ್ಲಿನಿಕ್ ನಡೆಸುವಂತಿಲ್ಲ. ಉಪಕಾರ ಮಾಡಲು ಹೋದ ಸಿಸ್ಟರ್ ನಕಲಿ ಡಾಕ್ಟರರ ಪಟ್ಟಿ ಸೇರಲು ಬಹಳ ದಿನ ಬೇಕಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡೇ ಇರಬೇಕೇ? ಒಂದು ಸಂದರ್ಭವಿದೆ. ಸುರಪುರದ ಬಸ್ಸಿನಲ್ಲಿ ಯಾರೋ ಎದೆ ಹಿಡಿದುಕೊಂಡು ಒರಗಿದರೆ, ಹೊಲದ ದಾರಿಯಲ್ಲಿ ಹಾವು ಕಚ್ಚಿದ ಹುಡುಗನನ್ನು ಬೈಕಿನಲ್ಲಿ ಹೊತ್ತು ತಂದರೆ, ಹತ್ತಿಗೆ ಎಣ್ಣೆ ಹೊಡೆದು ಬಂದವನು ಬಾಯಲ್ಲಿ ನೊರೆ ಬಿಟ್ಟರೆ, ನಾನು ನರ್ಸ್ ಎನ್ನುವ ಎರಡು ಮಾತಿಗೆ ಕಂಡಕ್ಟರನ ಸೀಟಿಗಿಂತ ಹೆಚ್ಚು ಬಲ. ಯಾರನ್ನು ಹೇಗೆ ಮಲಗಿಸಬೇಕು, ಎಲ್ಲಿ ಕಟ್ಟು ಬಿಗಿಯಬಾರದು, 108ಕ್ಕೆ ಏನು ಹೇಳಬೇಕು ಎಂಬುದು ಅಲ್ಲಿ ಅವರೊಬ್ಬರಿಗೇ ಗೊತ್ತು. ಹಾಗೆ ಮುಂದೆ ಬಂದವರನ್ನು ಸ್ಟೇಷನ್ನು, ಕೋರ್ಟು ಎಂದು ಅಲೆಸಬಾರದೆಂದೇ ಕರ್ನಾಟಕ 2016ರಲ್ಲಿ ಆಪತ್ಕಾಲದ ನೆರವುಗಾರರ ರಕ್ಷಣೆಗೆ ಕಾಯ್ದೆ ಮಾಡಿದೆ. ಅಂಥ ಹೊತ್ತಿನಲ್ಲಿ ಹೇಳಿಕೊಳ್ಳಲಿ, ಗಟ್ಟಿಯಾಗಿ ಹೇಳಿಕೊಳ್ಳಲಿ. ಉಳಿದ ಹೊತ್ತಿನಲ್ಲಿ ಸಿಸ್ಟರ್ ಏನು ತೋರಿಸಬೇಕು, ಏನು ಮುಚ್ಚಿಡಬೇಕು ಎಂಬುದು ಅವರ ಮರ್ಜಿ, ಊರಿನ ಮರ್ಜಿಯಲ್ಲ.

ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಅಲ್ಲಿಗೆ ಹೋಗಿರಿ. ಮುಂದಿನ ಮದುವೆಯಲ್ಲಿ ಪಂಕ್ತಿಯಲ್ಲಿ ಸಿಸ್ಟರ್ ಸಿಕ್ಕರೆ, ಗುಳಿಗೆ ಪಟ್ಟಿ ಕಿಸೆಯಲ್ಲೇ ಇರಲಿ, ಅವರ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿಸಿರಿ.